ಎ ಡ್ರೈವ್ ಎಲ್ಲಿ ಹೋತು? ನಾಗನೂರಿನ ಒಂದು ಫ್ಲಾಪಿ ಇತಿಹಾಸ

💾 ಭಾಗ 1/8: ಅಟ್ಟದ ಮ್ಯಾಲಿನ ಡಬ್ಬಿ

ದೋಸ್ತರ, ಒಂದ ಪ್ರಶ್ನೆ. ನಿಮ್ಮ ಲ್ಯಾಪ್‌ಟಾಪ್ ತೆಗೀರಿ. ಸಿ ಡ್ರೈವ್ ಐತಿ. ಡಿ ಇರಬಹುದು. ಪೆನ್‌ಡ್ರೈವ್ ಹಾಕಿದ್ರ ಇ ಇಲ್ಲಾ ಎಫ್ ಬರ್ತೈತಿ. ಹಂಗಾರ ಎ ಎಲ್ಲಿ? ಬಿ ಎಲ್ಲಿ? ನಮ್ಮ ಲ್ಯಾಬಿನ್ಯಾಗ ಇದನ್ನ ಕೇಳಿದಾಗ ಅರ್ಧ ಕ್ಲಾಸ್ ನಕ್ಕಿತು, ಉಳಿದ ಅರ್ಧ ಮೊಬೈಲ್ ತೆಗೀತು.

ಎ ಮತ್ತು ಬಿ ಎರಡೂ ಫ್ಲಾಪಿ ಡ್ರೈವಿನ ಹೆಸರು. ಹಾರ್ಡ್ ಡಿಸ್ಕ್ ಆಮೇಲೆ ಬಂದ ಅತಿಥಿ, ಹಂಗಾಗಿ ಅದಕ್ಕ ಮೂರನೇ ಅಕ್ಷರ ಸಿಕ್ಕಿತು. ಮೊದಲಿನ ಇಬ್ಬರೂ ಮನಿ ಬಿಟ್ಟು ಹೋದರು. ಆದ್ರ ಅವರ ಕುರ್ಚಿ ಮ್ಯಾಲ ಇವತ್ತಿಗೂ ಯಾರೂ ಕೂಡಾಂಗಿಲ್ಲ.

ಈ ಸರಣಿ ಬರಿಯಾಕ ಕಾರಣ ಮೊದಲ ಫೋಟೋದಾಗಿನ ಡಬ್ಬಿ. ನಾಗನೂರಿನ ನಮ್ಮ ಮನಿ ಅಟ್ಟದ ಮ್ಯಾಲ ಸಿಕ್ತು. ಒಳಗ 14 ಫ್ಲಾಪಿ. ನಮ್ಮ ಕಾಕಾ ಹಿಂದ ಡಿಟಿಪಿ ಅಂಗಡಿ ಇಟ್ಟಿದ್ದ. ಲಗ್ನಪತ್ರಿಕೆ, ಜಾತ್ರಿ ಕರಪತ್ರ, ಶ್ರದ್ಧಾಂಜಲಿ ಕಾರ್ಡ್ ಎಲ್ಲಾ ಅಲ್ಲೇ ತಯಾರಾಗ್ತಿದ್ವು. ಕೆಲಸ ಇಲ್ಲದ ಸಂಜಿಗೆ ನಮ್ಮ ಆಯಿ ಹಾಡ್ತಿದ್ದ ಪದಗಳನ್ನ ಟೈಪ್ ಮಾಡಿ ಈ ಡಿಸ್ಕಿನೊಳಗ ಇಟ್ಟಿದ್ದ. ಬೀಸೂ ಪದ, ಸೋಬಾನ, ಒಂದಿಷ್ಟು ಪಾರಿಜಾತದ ಪದ.

ಆ ಪದಗಳ ಮೂಲ ನೋಟಬುಕ್ ಗೋಕಾಕದ ಅತ್ತಿ ಮನ್ಯಾಗ ಇತ್ತು. 2019ರ ಆಗಸ್ಟ್‌ನ್ಯಾಗ ಘಟಪ್ರಭಾ ಊರೊಳಗ ಬಂದಾಗ ಅದು ನೀರಪಾಲಾತು. ಆಯಿನೂ ಈಗ ಇಲ್ಲ. ಅಂದ್ರ ಉಳಿದದ್ದು ಈ 14 ಡಿಸ್ಕ್ ಮಾತ್ರ, ಮತ್ತು ಅವನ್ನ ಓದೋ ಯಂತ್ರ ನಮ್ಮ ಮನ್ಯಾಗ ಚಾಲೂ ಇರಲಿಲ್ಲ.

ಅದನ್ನ ಚಾಲೂ ಮಾಡಬೇಕಂದ್ರ ಫ್ಲಾಪಿ ಡ್ರೈವ್ ಹೆಂಗ ಹೊಂದಿಸ್ತಾರ ಅನ್ನೋ ಇಡೀ ಇತಿಹಾಸ ಓದಬೇಕಾತು. ಓದಿದ್ದನ್ನ ನಿಮಗೂ ಹೇಳ್ತೀನಿ.

👉 ಮುಂದಿನ ಭಾಗ: ಇದು ಬಂದದ್ದು ಎಲ್ಲಿಂದ?

💾 ಭಾಗ 2/8: 8 ಇಂಚಿನಿಂದ 3.5 ಇಂಚಿಗೆ

ಫ್ಲಾಪಿ ಹುಟ್ಟಿದ್ದು 1971ರಲ್ಲಿ, ಅಮೆರಿಕದ ಐಬಿಎಂ ಕಂಪನಿಯೊಳಗ. ಆವಾಗ ಅದರ ಅಗಲ 8 ಇಂಚು, ಅಂದ್ರ ಊಟದ ಪ್ಲೇಟಿನಷ್ಟು. ಹಿಡಿಸ್ತಿದ್ದದ್ದು ಸುಮಾರು 80 ಕೆಬಿ. ದೊಡ್ಡ ಕಂಪ್ಯೂಟರಿಗೆ ಅದರ ಆರಂಭದ ಆಜ್ಞೆಗಳನ್ನು ತುಂಬೋದೇ ಅದರ ಕೆಲಸ ಆಗಿತ್ತು. ಜನ ತಮ್ಮ ಬರಹ ಇಟ್ಟುಕೊಳ್ಳಾಕ ಅದನ್ನ ಮಾಡಿದ್ದಲ್ಲ.

1976ರಲ್ಲಿ ಶುಗಾರ್ಟ್ ಅಸೋಸಿಯೇಟ್ಸ್ ಎಂಬ ಕಂಪನಿ 5.25 ಇಂಚಿನ ಡ್ರೈವ್ ತಂದಿತು. ಮೇಜಿನ ಮ್ಯಾಲ ಕೂಡೋ ಸಣ್ಣ ಕಂಪ್ಯೂಟರಿಗೆ ಇದು ಸರಿಯಾಗಿ ಹೊಂದಿತು. 1980ರ ದಶಕದ ಆರಂಭದಲ್ಲಿ ಸೋನಿ ಕಂಪನಿಯ 3.5 ಇಂಚಿನ ಡಿಸ್ಕ್ ಬಂತು. ಗಟ್ಟಿ ಪ್ಲಾಸ್ಟಿಕ್ಕಿನ ಕವಚ, ತಗಡಿನ ಬಾಗಿಲು. ಕಾಕಾನ ಡಬ್ಬಿಯೊಳಗ ಇರೋವು ಇವೇ.

ನಮ್ಮ ದೇಶದ ಕಥಿ ಸ್ವಲ್ಪ ಬ್ಯಾರೆ. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋಯಿತು. ಆ ಜಾಗಕ್ಕ ನಮ್ಮವೇ ಕಂಪನಿಗಳು ಬಂದವು. ಬೆಂಗಳೂರಿನ ವಿಪ್ರೋ ಮತ್ತು ಪಿಎಸ್‌ಐ ಡೇಟಾ ಸಿಸ್ಟಮ್ಸ್ ಇಲ್ಲೇ ಕಂಪ್ಯೂಟರ್ ತಯಾರಿಸಿ ಮಾರಿದವು. 1984-85ರಲ್ಲಿ ಕೇಂದ್ರ ಸರಕಾರ ‘ಕ್ಲಾಸ್’ ಎಂಬ ಯೋಜನೆಯಡಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಬ್ರಿಟನ್ನಿನ ಕಂಪ್ಯೂಟರ್ ಕೊಡಾಕ ಶುರು ಮಾಡಿತು. ಹಳ್ಳಿ ಕಡೆ ಕಂಪ್ಯೂಟರ್ ಬಂದದ್ದು ಬಹಳಷ್ಟು ಆಮೇಲೆ, 1990ರ ದಶಕದಲ್ಲಿ, ಅದೂ ಡಿಟಿಪಿ ಅಂಗಡಿಗಳ ಮೂಲಕ. ಮೊಳೆ ಜೋಡಿಸಿ ಅಚ್ಚು ಹಾಕ್ತಿದ್ದ ಕೆಲಸ ಪರದೆ ಮ್ಯಾಲ ಬಂತು. ಗೋಕಾಕದ ಪ್ರಿಂಟಿಂಗ್ ಪ್ರೆಸ್ಸಿಗೆ ಮ್ಯಾಟರ್ ಕಳಿಸಾಕ ಕಾಕಾ ಕಿಸೆದಾಗ ಫ್ಲಾಪಿ ಇಟ್ಟುಕೊಂಡು ಬಸ್ ಹತ್ತುತ್ತಿದ್ದ. ಆವಾಗಿನ ಇಮೇಲ್ ಅದೇ 😄

ನಗಬ್ಯಾಡ್ರಿ. ಬೋಯಿಂಗ್ 747-400 ವಿಮಾನಕ್ಕ ದಾರಿ ತೋರಿಸೋ ಮಾಹಿತಿ ತುಂಬಾಕ ತೀರ ಈಚಿನವರೆಗೂ ಇದೇ 3.5 ಇಂಚಿನ ಡಿಸ್ಕ್ ಬಳಸಿದ್ದಾರ.

💾 ಭಾಗ 3/8: ಹಾಜರಿ ಪಟ್ಟಿ

ಈಗ ಅಸಲಿ ವಿಷಯಕ್ಕ ಬರೂಣು. ಪೆನ್‌ಡ್ರೈವ್ ಹಾಕಿದ ಕೂಡಲೇ ಕಂಪ್ಯೂಟರ್ ಅದನ್ನ ತಾನೇ ಗುರುತಿಸ್ತೈತಿ. ಫ್ಲಾಪಿ ಡ್ರೈವ್ ಹಂಗಲ್ಲ. ‘ನಾನು ಬಂದೇನಿ’ ಅಂತ ಹೇಳಾಕ ಅದಕ್ಕ ಬಾಯಿನೇ ಇಲ್ಲ. ನಾವೇ ಎರಡೂ ಕಡೆ ಪರಿಚಯ ಮಾಡಿಸಬೇಕು.

ಶುಗಾರ್ಟ್ ಕಂಪನಿ ಹಾಕಿಕೊಟ್ಟ ಪದ್ಧತಿ ಇದು: ಒಂದು ಚಪ್ಪಟೆ ಕೇಬಲ್, ಅದರೊಳಗ 34 ತಂತಿ. ಆ ಒಂದೇ ಕೇಬಲ್ ಮ್ಯಾಲ ನಾಲ್ಕು ಡ್ರೈವ್‌ವರೆಗೂ ಜೋಡಿಸಬಹುದು. ಎಲ್ಲರಿಗೂ ಒಂದೇ ಸಪ್ಪಳ ಕೇಳ್ತೈತಿ. ಯಾರು ಉತ್ತರ ಕೊಡಬೇಕು?

ನಮ್ಮ ಕ್ಲಾಸಿನ ಹಾಜರಿ ನೆನಪ ಮಾಡ್ಕೊಳ್ರಿ. ಸರ್ ನಂಬರ್ ಕೂಗ್ತಾರ, ಎಲ್ಲರಿಗೂ ಕೇಳ್ತೈತಿ, ಆ ನಂಬರಿನವರಷ್ಟೇ ‘ಎಸ್ ಸರ್’ ಅಂತಾರ. ಫ್ಲಾಪಿ ಡ್ರೈವಿನ ಬೆನ್ನಿನ ಮ್ಯಾಲೂ ರೋಲ್ ನಂಬರ್ ಕೊಡೋ ಜಾಗ ಐತಿ. ಅದಕ್ಕ ಡ್ರೈವ್ ಸೆಲೆಕ್ಟ್ ಅಂತಾರ. ಸಣ್ಣ ಸಣ್ಣ ಪಿನ್, ಅವುಗಳ ಮ್ಯಾಲ ಅಕ್ಕಿಕಾಳಿಗಿಂತ ತುಸು ದೊಡ್ಡ ಟೊಪ್ಪಿಗಿ. ಆ ಟೊಪ್ಪಿಗಿ ಹೆಸರು ಜಂಪರ್ (ಎರಡನೇ ಫೋಟೋ, ಕೆಂಪು ಗುರುತು ಹಾಕೇನಿ). ಜಂಪರ್ ಯಾವ ಜೋಡಿ ಪಿನ್ ಮ್ಯಾಲ ಕೂಡ್ತೈತೋ ಅದೇ ಆ ಡ್ರೈವಿನ ನಂಬರು.

ಇಬ್ಬರಿಗೆ ಒಂದೇ ನಂಬರ್ ಕೊಟ್ರ ಇಬ್ಬರೂ ಒಮ್ಮೆಲೇ ಮಾತಾಡ್ತಾರ, ಒಂದಕ್ಷರ ತಿಳಿಯಾಂಗಿಲ್ಲ. ಯಾರಿಗೂ ಇಲ್ಲದ ನಂಬರ್ ಕೂಗಿದ್ರ ಗಪ್‌ಚುಪ್.

ಇದರಾಗ ಒಂದು ತಲೆನೋವು ಇತ್ತು. ಕೆಲವು ಕಂಪನಿ ನಂಬರನ್ನ ಸೊನ್ನೆಯಿಂದ ಎಣಿಸ್ತಿದ್ವು: 0, 1, 2, 3. ಕೆಲವು ಒಂದರಿಂದ: 1, 2, 3, 4. ಒಬ್ಬನ ‘1’ ಇನ್ನೊಬ್ಬನ ‘2’. ಕೈಪಿಡಿ ಓದದೆ ಜಂಪರ್ ಹಾಕಿದವರು ಇಡೀ ದಿನ ಕೂತು ಕೇಬಲ್ ಬದಲಿ ಮಾಡಿದ್ದುಂಟು. ತಪ್ಪು ಇರ್ತಿದ್ದದ್ದು ಎಣಿಕಿಯೊಳಗ.

💾 ಭಾಗ 4/8: ತಿರುವಿದ ಕೇಬಲ್

ಮೂರನೇ ಫೋಟೋ ದೊಡ್ಡದು ಮಾಡಿ ನೋಡ್ರಿ. ಕೇಬಲ್ ನಡುವ ಒಂದಿಷ್ಟು ತಂತಿ ಸೀಳಿ, ತಿರುವಿ, ಮತ್ತ ಜೋಡಿಸ್ಯಾರ. ನಾನು ಮೊದಲ ಸಲ ನೋಡಿದಾಗ ಇಲಿ ಕಡಿದಾವು, ಯಾರೋ ರಿಪೇರಿ ಮಾಡ್ಯಾರ ಅಂದುಕೊಂಡಿದ್ದೆ 🙈 ಅದು ಐಬಿಎಂ ಬೇಕಂತಲೇ ಮಾಡಿದ್ದು.

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿ ಬಿಡುಗಡೆ ಮಾಡಿತು. ಎರಡು ಡ್ರೈವ್ ಹಾಕೋರು ಬಹಳ. ಪ್ರತಿಯೊಂದಕ್ಕೂ ಬ್ಯಾರೆ ಜಂಪರ್ ಅಂದ್ರ ಅಂಗಡಿಯವರು ತಪ್ಪು ಮಾಡೋದು ಖಾತ್ರಿ. ಅದಕ್ಕ ಐಬಿಎಂ ಎಲ್ಲಾ ಡ್ರೈವಿಗೂ ಒಂದೇ ನಂಬರ್, ಅಂದ್ರ ಎರಡನೇದನ್ನೇ, ಕೊಟ್ಟುಬಿಟ್ಟಿತು. ಜಂಪರ್ ಮುಟ್ಟೋದೇ ಬ್ಯಾಡ. ವ್ಯತ್ಯಾಸವನ್ನ ಕೇಬಲ್ಲೇ ಮಾಡಲಿ.

ಹೆಂಗ? 10ರಿಂದ 16ರವರೆಗಿನ ಏಳು ತಂತಿಗಳನ್ನ ತಿರುವಿದರು. ಇದರಿಂದ ಡ್ರೈವ್ ಕರೆಯೋ ತಂತಿ ಎರಡು ಅದಲು ಬದಲಾದವು, ಮೋಟರ್ ತಿರುಗಿಸೋ ತಂತಿ ಎರಡೂ ಅದಲು ಬದಲಾದವು. ತಿರುವು ದಾಟಿದ ಮ್ಯಾಲ ಕೊನಿಗೆ ಕೂತ ಡ್ರೈವಿಗೆ ‘ಎ’ನ ಕರೆ ಅದರ ಸ್ವಂತ ನಂಬರ್ ಆಗಿ ಕೇಳ್ತೈತಿ. ತಿರುವಿನ ಮೊದಲು ನಡುವ ಕೂತದ್ದು ‘ಬಿ’. ನಂಬರ್ ಒಂದೇ, ಕೂತ ಜಾಗ ಬ್ಯಾರೆ. ಹಂಗಾಗಿ ಇವತ್ತಿಗೂ ನಿಯಮ ಸರಳ: ಕೊನಿ ಕನೆಕ್ಟರ್ ಎ, ನಡುವಿನದು ಬಿ.

ಇನ್ನೊಂದು ಮಾತು. ಹಳೇ ಡ್ರೈವಿನ್ಯಾಗ ಟರ್ಮಿನೇಟರ್ ಅನ್ನೋ ರೆಸಿಸ್ಟರ್ ಪಟ್ಟಿ ಇರ್ತಿತ್ತು. ಗದ್ದಿ ಕಾಲುವಿಗೆ ನೀರು ಬಿಟ್ಟಾಗ ಕೊನಿ ಗೇಟ್ ಮುಚ್ಚಿದ್ರ ನೀರು ಬಡದು ಹಿಂದ ಬರ್ತದಲ್ಲ, ಹಂಗ ತಂತಿ ಕೊನಿಯೊಳಗ ಸಿಗ್ನಲ್ಲೂ ಬಡದು ಹಿಂದ ಬರ್ತೈತಿ. ಅದನ್ನ ಹೀರಿಕೊಳ್ಳಾಕ ಕಟ್ಟಕಡೆಯ ಡ್ರೈವಿನ್ಯಾಗ ಮಾತ್ರ ಟರ್ಮಿನೇಟರ್ ಇಡಬೇಕು, ನಡುವಿನದರಿಂದ ತೆಗೀಬೇಕು. 3.5 ಇಂಚಿನ ಡ್ರೈವ್ ಬಂದ ಮ್ಯಾಲ ಈ ತ್ರಾಸ ತಪ್ಪಿತು. ಅದಕ್ಕ ಬೇಕಾದ ರೆಸಿಸ್ಟರ್ ಒಳಗೇ ಕೂತಿರ್ತಾವ.

💾 ಭಾಗ 5/8: ಅಳತಿ ಹೇಳಬೇಕು

ನಂಬರ್ ಆತು. ಇನ್ನ ಕಂಪ್ಯೂಟರಿಗೆ ಡ್ರೈವಿನ ಅಳತಿ ಹೇಳಬೇಕು. ಯಾಕಂದ್ರ ಡಿಸ್ಕ್ ಮ್ಯಾಲಿನ ಬರಹ ಪುಸ್ತಕದ ಸಾಲಿನಂಗ ಕಣ್ಣಿಗೆ ಕಾಣಾಂಗಿಲ್ಲ. ಎಷ್ಟು ಸುತ್ತು, ಸುತ್ತಿಗೆ ಎಷ್ಟು ತುಂಡು ಅನ್ನೋದು ಗೊತ್ತಿದ್ರಷ್ಟೇ ಓದಾಕ ಬರ್ತೈತಿ.

ಲೆಕ್ಕ ಮಾಡೂಣು. 3.5 ಇಂಚಿನ ಡಿಸ್ಕಿಗೆ ಒಂದು ಮೈ ಮ್ಯಾಲ 80 ಟ್ರ್ಯಾಕ್, ಎರಡು ಮೈ, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್.
80 × 2 × 18 × 512 = 14,74,560 ಬೈಟ್.
ಇದನ್ನೇ 1.44 ಎಂಬಿ ಅಂತಾರ. ಈ ಪೋಸ್ಟಿನ ಒಂದ ಫೋಟೋ ಇಡಾಕ ಎರಡು ಮೂರು ಫ್ಲಾಪಿ ಬೇಕು!

ಹಳೇ 5.25 ಇಂಚಿನ ಡಿಸ್ಕಿಗೆ 40 ಟ್ರ್ಯಾಕ್, 9 ಸೆಕ್ಟರ್, ಒಟ್ಟು 360 ಕೆಬಿ. 1984ರಲ್ಲಿ ಐಬಿಎಂ ಎಟಿ ಜೊತಿಗೆ 80 ಟ್ರ್ಯಾಕಿನ 1.2 ಎಂಬಿ ಡ್ರೈವ್ ಬಂತು. ನೋಡಾಕ ಎರಡೂ ಡಿಸ್ಕ್ ಒಂದೇ ಥರ. ಆದ್ರ ಹೊಸ ಡ್ರೈವಿನ ತಲಿ ಸಣ್ಣದು. ಅಗಲ ಬ್ರಶ್‌ಲೆ ಬರೆದ ಗ್ವಾಡಿ ಮ್ಯಾಲ ಸಣ್ಣ ಬ್ರಶ್‌ಲೆ ತಿದ್ದಿದಂಗ, ಹಳೇ ಬರಹದ ಅಂಚು ಎರಡೂ ಬದಿಗೆ ಉಳೀತಿತ್ತು. ಆ ಡಿಸ್ಕನ್ನ ವಾಪಸ್ ಹಳೇ ಡ್ರೈವಿಗೆ ಹಾಕಿದ್ರ ಅದಕ್ಕ ಹಳೇದು, ಹೊಸದು ಎರಡೂ ಕಂಡು ಗೊಂದಲ. ‘ನಮ್ಮ ಅಂಗಡ್ಯಾಗ ಓಡ್ತೈತಿ, ನಿಮ್ಮಲ್ಲೇ ಓಡವಲ್ದು’ ಅನ್ನೋ ಜಗಳದ ಮೂಲ ಬಹಳ ಸಲ ಇದೇ.

ಐಬಿಎಂನ ಮೊದಲ ಪಿಸಿ ಮತ್ತು ಎಕ್ಸ್‌ಟಿಯಲ್ಲಿ ಎಷ್ಟು ಡ್ರೈವ್ ಅದಾವ ಅನ್ನೋದನ್ನ ಮದರ್‌ಬೋರ್ಡ್ ಮ್ಯಾಲಿನ ಸಣ್ಣ ಸ್ವಿಚ್ಚಿನಿಂದ, 7 ಮತ್ತು 8ನೇದರಿಂದ, ಹೇಳಬೇಕಿತ್ತು. ಎಟಿ ಬಂದ ಮ್ಯಾಲ ಆ ಮಾಹಿತಿ ಸಿಮಾಸ್ ಅನ್ನೋ ಸಣ್ಣ ನೆನಪಿನೊಳಗ ಹೋತು. ಅದು ಬ್ಯಾಟರಿ ಮ್ಯಾಲ ಬದುಕ್ತೈತಿ. ಬ್ಯಾಟರಿ ಸತ್ತ್ರ ಕಂಪ್ಯೂಟರ್ ತನ್ನ ತಾರೀಖು ಮರೀತೈತಿ, ತನ್ನ ಡ್ರೈವೂ ಮರೀತೈತಿ.

💾 ಭಾಗ 6/8: ಲೈಟ್ ಆರವಲ್ದು

ಕಾಕಾನ ಹಳೇ ಪೆಂಟಿಯಂ ಪೆಟ್ಟಿಗಿ ಧೂಳು ಒರಸಿ ಹೊರಗ ತಂದ್ವಿ. ಚಾಲೂ ಮಾಡಿದ್ರ ತಾರೀಖು ತಪ್ಪು, ಎ ಡ್ರೈವಿನ ಮುಂದ ‘ನನ್’. ಅಂದ್ರ ಡ್ರೈವೇ ಇಲ್ಲ ಅಂತ ಅದರ ವಾದ. ಮೂಡಲಗಿಯಿಂದ ನಾಣ್ಯದಂಥ ಒಂದು ಸೆಲ್ ತಂದು ಹಾಕಿದೆ. ಸೆಟಪ್ ಒಳಗ ಹೋಗಿ ಎ ಡ್ರೈವ್: 1.44 ಎಂಬಿ, 3.5 ಇಂಚು ಅಂತ ಬರೆದೆ. ತಾರೀಖು ಸರಿ ಮಾಡಿದೆ. ಮತ್ತ ಚಾಲೂ ಮಾಡಿದೆ.

ಪರದೆ ಮ್ಯಾಲ ‘ಫ್ಲಾಪಿ ಡಿಸ್ಕ್ ಫೇಲ್’. ಡ್ರೈವಿನ ಹಸಿರು ಲೈಟ್ ಹತ್ತಿತು, ಆರಲೇ ಇಲ್ಲ.

ಅವಸರಕ್ಕ ನಾನು ಆಯಿ ಹಾಡಿನ ಡಿಸ್ಕ್ ಕೈಗೆ ತಗೊಂಡಿದ್ದೆ. ‘ತಡಿ’ ಅಂದ ಕಾಕಾ. ಜೋರಾಗಿ ಅಂದ. ಹದಿನೈದು ವರ್ಷ ಆ ಪೆಟ್ಟಿಗಿ ಮುಟ್ಟಿರಲಿಲ್ಲ ಅವ, ಆದ್ರ ಲೈಟ್ ನೋಡಿದ ಕೂಡಲೇ ಗೊತ್ತಾಗಿತ್ತು: ಕೇಬಲ್ ಉಲ್ಟಾ ಕೂತೈತಿ. ಒಂದು ಅಂಚಿಗೆ ಕೆಂಪು ಗೆರಿ ಇರೋದು 1ನೇ ತಂತಿ. ಅದು 1ನೇ ಪಿನ್ ಕಡೆ ಇರಬೇಕು. ಧೂಳು ಹೊಡೆಯೋ ಮುಂದ ನಾನೇ ತೆಗೆದು ತಿರುಗಾಮುರುಗಾ ಹಾಕಿದ್ದೆ.

ಉಲ್ಟಾ ಕೂತ ಕೇಬಲ್ ಡ್ರೈವಿಗೆ ಎಲ್ಲಾ ಆಜ್ಞೆ ಒಮ್ಮೆಲೇ ಕೊಟ್ಟಂಗ. ತಿರುಗು, ಸರಿ, ಬರಿ, ಎಲ್ಲಾ. ಆವಾಗ ಡಿಸ್ಕ್ ಹಾಕಿದ್ರ ಅದರ ಮ್ಯಾಲಿನ ಬರಹ ಅಳಿಸಿ ಹೋಗಬಹುದು. ಇನ್ನೊಂದ ಕ್ಷಣ ಆಗಿದ್ರ ಘಟಪ್ರಭಾ ಬಿಟ್ಟದ್ದನ್ನ ನಾನೇ ಮುಗಿಸ್ತಿದ್ದೆ. ಇದನ್ನ ಬರಿಯೋವಾಗಲೂ ಕೈ ತಣ್ಣಗ ಆಗ್ತೈತಿ.

ಕರೆಂಟ್ ತೆಗೆದು, ಕೇಬಲ್ ತಿರುಗಿಸಿ, ಪವರ್ ಪ್ಲಗ್ ಪಿನ್ ಸರಿದಿಲ್ಲ ಅಂತ ನೋಡಿ (ಒಂದ ಪಿನ್ ಸರಿದ್ರ ಡ್ರೈವ್ ಸುಡ್ತೈತಿ) ಮತ್ತ ಚಾಲೂ. ಲೈಟ್ ಹತ್ತಿತು, ಕರ್ ಕರ್ ಅಂತು, ಆರಿತು. ಕಾಕಾ ಮೊದಲು ಒಂದು ಖಾಲಿ ಡಿಸ್ಕ್ ಹಾಕಿಸಿದ. ಓದಿತು. ಆಮೇಲೆ ಆಯಿ ಡಿಸ್ಕಿನ ಮೂಲಿಯ ಸಣ್ಣ ಕರಿ ಪಟ್ಟಿ ಸರಿಸಿ ತೂತು ಕಾಣೂ ಹಂಗ ಮಾಡಿದ. ತೂತು ತೆರೆದಿದ್ರ ಡ್ರೈವ್ ಬರೆಯಾಂಗಿಲ್ಲ, ಬರೇ ಓದ್ತೈತಿ.

💾 ಭಾಗ 7/8: ಕಡತ ತೆರೀತು, ಕನ್ನಡ ತೆರೀಲಿಲ್ಲ

ಡಿಸ್ಕಿನ ಕಡತಗಳನ್ನ ಪೆನ್‌ಡ್ರೈವಿಗೆ ಇಳಿಸಿ ನನ್ನ ಲ್ಯಾಪ್‌ಟಾಪಿನ್ಯಾಗ ತೆಗೆದೆ. ಪರದೆ ತುಂಬ ಟೊಪ್ಪಿಗಿ ಹಾಕಿದ ಇಂಗ್ಲಿಷ್ ಅಕ್ಷರ, ಪೌಂಡಿನ ಚಿಹ್ನೆ, ಅಲ್ಲೊಂದು ಇಲ್ಲೊಂದು ಪ್ರಶ್ನಾರ್ಥಕ. ಡಿಸ್ಕ್ ಕೆಟ್ಟೈತಿ ಅಂದುಕೊಂಡೆ. ಕೆಟ್ಟಿರಲಿಲ್ಲ. ಮತ್ತ ಹೊಂದಾಣಿಕಿದೇ ಸಮಸ್ಯಾ, ಈ ಸಲ ಅಕ್ಷರದ್ದು.

ಆ ಕಾಲದ ಕನ್ನಡ ಫಾಂಟುಗಳಿಗೆ ಇದ್ದ ಜಾಗ 256 ಮನಿ. ಅದರಾಗ ಕನ್ನಡದ ತಲಿಕಟ್ಟು, ಗುಡಿಸು, ದೀರ್ಘ, ಒತ್ತು ಎಲ್ಲವನ್ನೂ ತುಂಡು ತುಂಡಾಗಿ ತುಂಬಬೇಕು. ಯಾವ ತುಂಡು ಯಾವ ಮನ್ಯಾಗ ಅನ್ನೋದನ್ನ ಪ್ರತಿ ತಂತ್ರಾಂಶ ತನ್ನಷ್ಟಕ್ಕ ತಾನೇ ತೀರ್ಮಾನ ಮಾಡಿತು. ಶ್ರೀಲಿಪಿಯದು ಒಂದು, ಆಕೃತಿಯದು ಇನ್ನೊಂದು. ಒಂದರೊಳಗ ಬರೆದದ್ದು ಇನ್ನೊಂದಕ್ಕ ಗೊತ್ತಾಗ್ತಿರಲಿಲ್ಲ.

ಕನ್ನಡಕ್ಕಾಗಿ ದುಡಿದವರು ಇದರಾಗ ಬಹಳ ಮಂದಿ. ಕೆ.ಪಿ. ರಾವ್ ಅವರು ಕನ್ನಡದ ಕೀಲಿಮಣೆ ವಿನ್ಯಾಸ ರೂಪಿಸಿದರು, ‘ಸೇಡಿಯಾಪು’ ಎಂಬ ತಂತ್ರಾಂಶ ಕೊಟ್ಟರು. ನಾವು ಇವತ್ತು ನುಡಿಯೊಳಗ ಒತ್ತೋ ಕೀಲಿಗಳ ಬೇರು ಆ ವಿನ್ಯಾಸದಾಗ ಐತಿ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಪುಕ್ಕಟೆ ಸಿಕ್ತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು, ಸರಕಾರಿ ಕಚೇರಿಗಳಿಗೆಲ್ಲ ಅದೇ ಆಯಿತು. 1991ರ ಯೂನಿಕೋಡ್ ಮೊದಲ ಆವೃತ್ತಿಯೊಳಗೇ ಕನ್ನಡ ಇತ್ತು. ಆದ್ರ ಅದು ಜನರ ಕಂಪ್ಯೂಟರಿಗೆ ಬರಾಕ 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ‘ತುಂಗಾ’ ಫಾಂಟ್ ಬೇಕಾದವು. ನಮ್ಮ ಕಾಕಾ ಟೈಪ್ ಮಾಡಿದ್ದು ಆ ನಡುವಿನ ಕಾಲದಾಗ.

ಡಿಸ್ಕಿನ ಲೇಬಲ್ ಮ್ಯಾಲ ಅವ ಪೆನ್ಸಿಲ್‌ಲೆ ‘ಬ’ ಇಲ್ಲಾ ‘ನು’ ಅಂತ ಬರೆದಿದ್ದ. ಅಷ್ಟೇ ಸಾಕಾತು. ಬರಹಕ್ಕ ಬರಹದ ಫಾಂಟ್, ನುಡಿಗೆ ನುಡಿ ಫಾಂಟ್ ಹಾಕಿದೆ. ಪೌಂಡ್ ಚಿಹ್ನೆ ಹೋಗಿ ಕನ್ನಡ ಬಂತು. ಯೂನಿಕೋಡಿಗೆ ಬದಲಿಸೋ ಸಾಧನ ಪುಕ್ಕಟೆ ಸಿಗ್ತಾವ. ಅರ್ಕಾವತ್ತು ಮಾತ್ರ ಕೆಲವು ಕಡೆ ಜಿಗಿದು ಬ್ಯಾರೆ ಅಕ್ಷರದ ಮ್ಯಾಲ ಕೂಡ್ತೈತಿ, ಅದನ್ನ ಕೈಲೆ ತಿದ್ದಬೇಕು.

💾 ಭಾಗ 8/8: ಸಿಕ್ಕದ್ದು, ಹೋದದ್ದು

14ರೊಳಗ 9 ಡಿಸ್ಕ್ ಪೂರಾ ಓದಿದವು. 3 ಅರ್ಧಮರ್ಧ. 2ರ ತಗಡಿನ ಬಾಗಿಲು ಸರಿಸಿ ನೋಡಿದ್ರ ಒಳಗ ಬಿಳಿ ಬೂಷ್ಟು. ಅವನ್ನ ಡ್ರೈವಿಗೆ ಹಾಕಲೇ ಇಲ್ಲ. ಹಾಕಿದ್ರ ತಲಿ ಹೊಲಸಾಗಿ ಮುಂದಿನ ಡಿಸ್ಕೂ ಕೆಡ್ತಾವ.

ಒಟ್ಟು 41 ಪದ ಸಿಕ್ಕವು. ಕಾಕಾನ ಲೆಕ್ಕದ ಪ್ರಕಾರ ಅರವತ್ತರ ಹತ್ತಿರ ಇದ್ದವು. ಪಾರಿಜಾತದವು ಬೂಷ್ಟು ಹಿಡಿದ ಡಿಸ್ಕಿನ್ಯಾಗ ಅದಾವ ಅಂತ ಅವನ ಅಂದಾಜು. ಕುಲಗೋಡ ತಮ್ಮಣ್ಣನ ಊರು, ಕೌಜಲಗಿ ನಿಂಗಮ್ಮನ ಊರು ಎರಡೂ ನಮ್ಮ ಕಡೇವೇ. ಆಯಿ ಪಾರಿಜಾತ ನೋಡಿ ಬಂದು ಮರುದಿನ ಹೊಲದಾಗ ಅದನ್ನೇ ಹಾಡ್ತಿದ್ಲಂತ. ಆ ಡಿಸ್ಕ್ ಎರಡನ್ನೂ ಒಣ ಡಬ್ಬಿಯೊಳಗ ಇಟ್ಟೇನಿ. ಸ್ವಚ್ಛ ಮಾಡೋದು ಕಲಿತ ಮ್ಯಾಲ ಮುಟ್ತೀನಿ.

ಒಂದು ಮಾತು ನಾನು ಎಣಿಸಿರಲಿಲ್ಲ. ಪ್ರತಿ ಪದದ ಕೆಳಗ ಕಾಕಾ ಒಂದ ಸಾಲು ಸೇರಿಸಿದ್ದ: ಆಯಿ ಜೊತಿ ಯಾರ್ ಯಾರು ದನಿಗೂಡಿಸಿದ್ರು ಅಂತ. ನಮ್ಮ ಓಣಿ ಹೆಣ್ಣುಮಕ್ಕಳ ಹೆಸರು. ಬಹಳ ಮಂದಿ ಈಗ ಇಲ್ಲ. ಅವರ ಮನಿಗಳಿಗೆ ಪ್ರಿಂಟ್ ತಗೊಂಡು ಹೋಗಿ ಕೊಡಾಕ ಹತ್ತೇನಿ.

ನಿಮ್ಮ ಮನ್ಯಾಗ, ಊರಿನ ಹಳೇ ಪ್ರೆಸ್ಸಿನ್ಯಾಗ, ಸಂಘದ ಕಪಾಟಿನ್ಯಾಗ ಫ್ಲಾಪಿ ಇದ್ರ ಇಷ್ಟು ಮಾಡ್ರಿ:

✅ ‘ಫಾರ್ಮ್ಯಾಟ್ ಮಾಡಲೇ?’ ಅಂತ ಕಂಪ್ಯೂಟರ್ ಕೇಳಿದ್ರ ಬ್ಯಾಡ ಅನ್ರಿ. ಯಾವಾಗಲೂ ಬ್ಯಾಡ.
✅ ಹಾಕೋ ಮೊದಲ ಮೂಲಿಯ ತೂತು ತೆರೀರಿ.
✅ ಬೂಷ್ಟು ಇದ್ದದ್ದನ್ನ ಹಾಕಬ್ಯಾಡ್ರಿ.
✅ 3.5 ಇಂಚಿನವಕ್ಕ ಯುಎಸ್‌ಬಿ ಫ್ಲಾಪಿ ಡ್ರೈವ್ ಸಾಕು, ಜಂಪರ್ ಗೊಡವಿ ಇಲ್ಲ. 5.25 ಇಂಚಿನವಕ್ಕ ಹಳೇ ಯಂತ್ರ ಬೇಕು, ಇಲ್ಲಾ ಗ್ರೀಸ್‌ವೀಸಲ್ ಅನ್ನೋ ಸಣ್ಣ ಬೋರ್ಡ್ ಮತ್ತು ಒಂದು ಹಳೇ ಡ್ರೈವ್.
✅ ಟೈಪ್ ಮಾಡಿದವರು ಇನ್ನೂ ಇದ್ರ ಮೊದಲ ಅವರನ್ನ ಕೇಳ್ರಿ: ಯಾವ ತಂತ್ರಾಂಶ, ಯಾವ ಫಾಂಟ್, ಯಾವ ವರ್ಷ. ಕೇಳಿದ್ದನ್ನ ಬರೆದಿಡ್ರಿ.

ಸೋನಿ ತನ್ನ ಫ್ಲಾಪಿ ಮಾರಾಟ 2011ಕ್ಕ ನಿಲ್ಲಿಸಿತು. ಡಿಸ್ಕಿನ ಮ್ಯಾಲಿನ ಕಾಂತಗುರುತು ವರ್ಷ ವರ್ಷ ಮಾಸ್ತೈತಿ. ಈ ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಹತ್ರಿ. ಏನರ ಸಿಕ್ರ ಫೋಟೋ ಹಾಕಿ ನನ್ನ ಟ್ಯಾಗ್ ಮಾಡ್ರಿ. ನಮ್ಮ ಪೆಟ್ಟಿಗಿ ಈಗ ಚಾಲೂ ಐತಿ, ಎ ಡ್ರೈವ್ ಹಾಜರಿ ಹೇಳ್ತೈತಿ. ನಾಗನೂರಿಗೆ ತಂದ್ರ ಕಾಕಾ ಮತ್ತ ನಾನು ಕೂಡಿ ಓದಿಕೊಡ್ತೀವಿ. ಚಾ ನಮ್ಮದು ☕

#ನಾಗನೂರ #ಮೂಡಲಗಿ #ಗೋಕಾಕ #ಫ್ಲಾಪಿ #ಎಡ್ರೈವ್ #ಕನ್ನಡತಂತ್ರಾಂಶ #ಹಳೇಕಂಪ್ಯೂಟರ್ #ಆಯಿಹಾಡು